ವರ್ಷಕ್ಕೊಮ್ಮೆ ಬರುವ ಅತಿಥಿ

ಕಳೆದ ವರ್ಷದ ಮಾತು. ಓಣಂ ರಜೆ ಮುಗಿದು ಎರಡು ತಿಂಗಳಾಗುತ್ತ ಬಂದಿತ್ತು. ದೀಪಾವಳಿಯ ಹಿಂದಿನ ಸಂಜೆ ನಾವು ಅಂಗಳದ ಕರೆಯಲ್ಲಿ ಕುಳಿತು, ಬಲೀಂದ್ರನ ಕಂಬಕ್ಕೆಂದು ತಂದ ಹಾಲೆ ಮರದ ಗೆಲ್ಲಿನ ಎಲೆ ಸವರುತ್ತಿದ್ದೆವು. ಕನ್ನಡ ಶಾಲೆಯಲ್ಲಿ ಆರನೆಯ ತರಗತಿ ಓದುವ ಪುಳ್ಳಿ ಪಕ್ಕದಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೇಳಿದ:

"ಅಜ್ಜ, ಮಹಾಬಲಿ ಓಣಕ್ಕೆ ಬಂದು ಹೋಗಿ ಆಯಿತಲ್ಲ? ಶಾಲೆಯಲ್ಲಿ ನಾವು ಹೂವಿನ ರಂಗೋಲಿ ಹಾಕಿದ್ದೇವೆ. ಅವನು ವರ್ಷಕ್ಕೆ ಒಂದೇ ಸಲ ಬರುವುದು ಅಂತ ಟೀಚರ್ ಹೇಳಿದ್ದಾರೆ. ಮತ್ತೆ ಈಗ ಪುನಃ ಯಾಕೆ ಬರುವುದು?"

ನಮ್ಮ ಕೈಯ ಕತ್ತಿ ಅಲ್ಲಿಗೇ ನಿಂತಿತು. ಏನಾದರೂ ಹೇಳಬೇಕಲ್ಲ ಎಂದು, "ಅದು ಅವರ ಮಹಾಬಲಿ, ಇದು ನಮ್ಮ ಬಲೀಂದ್ರ" ಎಂದುಬಿಟ್ಟೆವು.

"ಹಾಗಾದರೆ ಇಬ್ಬರು ಉಂಟಾ?"

"ಇಬ್ಬರಲ್ಲ, ಒಬ್ಬನೇ."

ಹುಡುಗ ನಕ್ಕು ಓಡಿದ. ನಮಗೆ ಮಾತ್ರ ನಗು ಬರಲಿಲ್ಲ. ಇಷ್ಟು ವರ್ಷ ಕಂಬ ನೆಟ್ಟು, ದೀಪವಿಟ್ಟು, ಕೂಗಿ ಕರೆದ ನಮಗೆ ಮಗುವಿನ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಹೇಳಲಾಗಲಿಲ್ಲ. ಹೇಳಿದ ಅರ್ಧ ಉತ್ತರವೂ ನೆಟ್ಟಗಿನದಲ್ಲ. 'ಅವರದು, ನಮ್ಮದು' ಎಂದು ಬೇಲಿ ಹಾಕಿ ತಪ್ಪಿಸಿಕೊಂಡದ್ದು. ಈ ವರ್ಷವೂ ಇನ್ನೇನು ದೀಪಾವಳಿ ಬಂತು. ಇಂಥ ಪ್ರಶ್ನೆ ನಮ್ಮ ಓದುಗರ ಮನೆಗಳಲ್ಲಿಯೂ ಕೇಳಿಬಂದಿರಬಹುದು. ಆದ್ದರಿಂದ ಅಂದು ಹೇಳಬೇಕಾಗಿದ್ದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇವೆ.

ಒಬ್ಬ ಅರಸು, ಎರಡು ತಿಥಿ

ಕತೆ ಎಲ್ಲರಿಗೂ ಗೊತ್ತಿರುವುದೇ. ಪ್ರಹ್ಲಾದನ ಮೊಮ್ಮಗ, ವಿರೋಚನನ ಮಗ ಬಲಿ. ಮೂರು ಲೋಕಗಳನ್ನೂ ಗೆದ್ದವನು. ವಾಮನನಾಗಿ ಬಂದ ವಿಷ್ಣು ಮೂರಡಿ ನೆಲ ಕೇಳಿದ. ಗುರು ಶುಕ್ರಾಚಾರ್ಯರು ಬೇಡವೆಂದು ತಡೆದರೂ ಬಲಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಎರಡು ಹೆಜ್ಜೆಗೆ ಭೂಮಿ ಆಕಾಶಗಳು ಮುಗಿದವು. ಮೂರನೆಯದಕ್ಕೆ ತಲೆಯನ್ನೇ ಒಡ್ಡಿದ. ಭಾಗವತದ ಎಂಟನೆಯ ಸ್ಕಂಧದಲ್ಲಿ ಈ ಯಾಗ ನಡೆದದ್ದು ನರ್ಮದಾ ನದಿಯ ದಡದಲ್ಲಿ ಎಂದಿದೆ. ಕೇರಳದ ನಂಬಿಕೆಯಲ್ಲಿ ಎರ್ನಾಕುಳದ ಹತ್ತಿರದ ತೃಕ್ಕಾಕ್ಕರ ವಾಮನಮೂರ್ತಿಯ ಕ್ಷೇತ್ರವೇ ಈ ಕತೆಯ ಸ್ಥಳ. ನಮ್ಮ ತುಳುನಾಡಿನವರಿಗೆ ಬಲೀಂದ್ರ ಈ ಮಣ್ಣನ್ನೇ ಆಳಿದವನು. ತನ್ನ ಊರಿನಲ್ಲೇ ಆಳಿದನೆಂದು ಪ್ರತಿಯೊಂದು ನಾಡೂ ಹಕ್ಕು ಸಾಧಿಸುವ ಅರಸರು ಪುರಾಣಗಳಲ್ಲಿ ಹೆಚ್ಚಿಲ್ಲ. ಸೋತು ಪಾತಾಳಕ್ಕೆ ಹೋದವನನ್ನು ಗೆದ್ದವನಿಗಿಂತ ಹೆಚ್ಚು ಪ್ರೀತಿಯಿಂದ ನೆನೆಯುವುದೂ ಅಪರೂಪವೇ.

ಇನ್ನು ತಿಥಿಯ ವಿಚಾರ. ಓಣಂ ಎಂದರೆ ಸಿಂಹ ಮಾಸದ, ಎಂದರೆ ಚಿಂಗಂ ತಿಂಗಳ, ಶ್ರವಣ ನಕ್ಷತ್ರದ ದಿನ. 'ತಿರುವೋಣಂ' ಎಂಬುದು ಶ್ರವಣಕ್ಕೇ ಇರುವ ಹೆಸರು. ನಮ್ಮ ಪಂಚಾಂಗದಲ್ಲಿ ಭಾದ್ರಪದ ಶುದ್ಧ ದ್ವಾದಶಿ ವಾಮನ ಜಯಂತಿ. ಅದೂ ಶ್ರವಣ ನಕ್ಷತ್ರಕ್ಕೆ ಸೇರಿದ್ದೇ. ಆದುದರಿಂದ ಎಷ್ಟೋ ವರ್ಷಗಳಲ್ಲಿ ಇವೆರಡೂ ಒಂದೇ ಸುಮಾರಿಗೆ ಬೀಳುತ್ತವೆ. ಲೆಕ್ಕದಂತೆ ನೋಡಿದರೆ ಅದು ವಾಮನ ಬಂದ ದಿನ. ಕಾರ್ತಿಕ ಶುದ್ಧ ಪಾಡ್ಯ ಬಲಿಯ ಹೆಸರಿನ ದಿನ, ಬಲಿಪಾಡ್ಯ. ಒಂದೇ ಕತೆಯ ಎರಡು ಪುಟಗಳನ್ನು ಎರಡು ನಾಡುಗಳು ಬೇರೆ ಬೇರೆಯಾಗಿ ಹಬ್ಬ ಮಾಡಿಕೊಂಡಿವೆ.

ಪಂಚಾಂಗಕ್ಕಿಂತ ಗಟ್ಟಿಯಾದ ಕಾರಣ ಗದ್ದೆಯದ್ದು ಎಂದು ನಮ್ಮ ಎಣಿಕೆ. ಅರಸು ಬರುವಾಗ ಮನೆಯಲ್ಲಿ ಬರಿ ಪತ್ತಾಯ ಇರಬಾರದು. ಕರ್ಕಾಟಕದ ಹಸಿವು ಕಳೆದು ಹೊಸ ಅಕ್ಕಿ ಕಾಣುವ ಕಾಲ ಮಲಯಾಳ ನಾಡಿನಲ್ಲಿ ಚಿಂಗಂ. ನಮ್ಮಲ್ಲಿ ಏಣೇಲು ಬೆಳೆ ಕೊಯ್ದು, ಬಡಿದು, ಒಣಗಿಸಿ ಒಳಗೆ ತುಂಬುವ ಹೊತ್ತಿಗೆ ನಿರ್ನಾಲ ತಿಂಗಳು ದಾಟಿ ಬೊಂತೆಲು ಬರುತ್ತದೆ. ದೀಪಾವಳಿ ಬರುವುದು ಆಗ. ಅತಿಥಿ ಒಬ್ಬನೇ, ಅವರವರ ಮನೆಯಲ್ಲಿ ಅಕ್ಕಿ ಇರುವಾಗ ಅವರವರು ಕರೆಯುತ್ತಾರೆ.

ಅಡಿಕೆ ವೀಳ್ಯದ ಸಾಕ್ಷಿ

ಇದು ಇತ್ತೀಚಿನ ಕಟ್ಟುಕತೆಯೇನೂ ಅಲ್ಲ. ಘಜ್ನಿಯ ಮಹಮೂದನ ಕಾಲದಲ್ಲಿದ್ದ ವಿದ್ವಾಂಸ ಅಲ್ ಬೀರೂನಿ ಭಾರತದ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದ. ಕಾಲ ಸುಮಾರು ಕ್ರಿ. ಶ. 1030. ಅದರಲ್ಲಿ ಹಬ್ಬಗಳಿಗೇ ಒಂದು ಅಧ್ಯಾಯವಿದೆ. ದೀಪಾವಳಿಯಂದು ಜನ ಮಿಂದು, ಒಳ್ಳೆಯ ಬಟ್ಟೆ ಉಟ್ಟು, ಒಬ್ಬರಿಗೊಬ್ಬರು ವೀಳ್ಯದೆಲೆ ಅಡಿಕೆ ಕೊಡುತ್ತಾರೆ, ರಾತ್ರಿ ಎಲ್ಲೆಲ್ಲೂ ದೀಪ ಹಚ್ಚುತ್ತಾರೆ ಎಂದು ಆತ ಹೇಳುತ್ತಾನೆ. ಕಾರಣವನ್ನೂ ಕೊಟ್ಟಿದ್ದಾನೆ: ಏಳನೆಯ ಪಾತಾಳದಲ್ಲಿ ಸೆರೆಯಲ್ಲಿರುವ ವಿರೋಚನನ ಮಗ ಬಲಿಯನ್ನು ಲಕ್ಷ್ಮಿ ವರ್ಷಕ್ಕೊಂದು ದಿನ ಬಿಡುಗಡೆ ಮಾಡಿ ಲೋಕಕ್ಕೆ ಕಳುಹಿಸುತ್ತಾಳೆ, ಆದುದರಿಂದ ಈ ಹಬ್ಬಕ್ಕೆ 'ಬಲಿರಾಜ್ಯ' ಎಂದು ಹೆಸರು. ಆ ದಿನ ಕೃತಯುಗದ ಸುಖದ ದಿನಗಳನ್ನು ಹೋಲುತ್ತದೆಂದು ಜನ ಸಂತೋಷಪಡುತ್ತಾರೆ ಎಂದೂ ಸೇರಿಸಿದ್ದಾನೆ.

ಸಾವಿರ ವರ್ಷಗಳ ಹಿಂದೆ, ಉತ್ತರ ಭಾರತವನ್ನು ನೋಡಿ ಬರೆದ ಪರದೇಶದ ಮನುಷ್ಯನ ಮಾತು ಇದು. ಅಡಿಕೆ ಬೆಳೆಯುವ ನಮಗೆ ಆ ಅಡಿಕೆಯ ಉಲ್ಲೇಖ ಓದುವಾಗಲೇ ಒಂದು ಸಂತೋಷ.

ಮಹಾರಾಷ್ಟ್ರದ ರೈತಾಪಿ ಮನೆಗಳಲ್ಲಿ ಇಂದಿಗೂ ಪೀಡೆ ತೊಲಗಲಿ, ಬಲಿಯ ರಾಜ್ಯ ಬರಲಿ ಎಂದು ಹಾರೈಸುವ ರೂಢಿಯುಂಟು. ಅಲ್ಲಿ 'ಬಳಿರಾಜಾ' ಎಂದರೆ ರೈತನೆಂದೇ ಅರ್ಥ. 1873ರಲ್ಲಿ 'ಗುಲಾಮಗಿರಿ' ಬರೆದ ಜ್ಯೋತಿರಾವ್ ಫುಲೆಯವರು ಈ ಬಲಿಯನ್ನು ದುಡಿಯುವವರ ಅರಸನೆಂದೇ ಎತ್ತಿ ಹಿಡಿದರು. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿ ಅಂಟಿಕೆ ಪಂಟಿಕೆಯವರು ದೀಪ ಹೊತ್ತು, ಹಾಡು ಹೇಳುತ್ತ ಮನೆಯಿಂದ ಮನೆಗೆ ಜ್ಯೋತಿ ಮುಟ್ಟಿಸುತ್ತಾರೆ.

ನಮ್ಮ ಅಂಗಳದಲ್ಲಿ

ನಮ್ಮ ಕಡೆಯ ಕ್ರಮ ತಿಳಿದವರಿಗೆ ಹೇಳಬೇಕಾಗಿಲ್ಲ. ಆದರೂ ಊರು ಬಿಟ್ಟ ಮನೆಗಳ ಮಕ್ಕಳಿಗಾಗಿ ಎರಡು ಮಾತು. ಅಂಗಳದಲ್ಲಿ ಹಾಲೆ ಮರದ ಕಂಬ ನೆಡುತ್ತಾರೆ. ತುಳುವಿನಲ್ಲಿ ಪಾಲೆ ಎನ್ನುವ ಮರ; ಆಟಿ ಅಮಾವಾಸ್ಯೆಯ ಬೆಳಗ್ಗೆ ಕಷಾಯಕ್ಕೆ ಕೆತ್ತೆ ಕೊಡುವುದೂ ಇದೇ. ಕಂಬಕ್ಕೆ ಕೋಲುಗಳನ್ನು ಅಡ್ಡ ಕಟ್ಟಿ, ಕಾಡುಹೂ ಗೊಂಡೆ ಹೂಗಳಿಂದ ಸಿಂಗರಿಸಿ, ದೀಪ ಇಡುತ್ತಾರೆ. ಬುಡದಲ್ಲಿ ನೇಗಿಲು, ನೊಗ, ಅಕ್ಕಿ ಅಳೆಯುವ ಸೇರು. ಬಾಳೆ ಎಲೆಯಲ್ಲಿ ಅವಲಕ್ಕಿ, ಅಕ್ಕಿ, ತೆಂಗಿನಕಾಯಿ. ಮನೆಯ ಯಜಮಾನ ಹೂವು ಅಕ್ಕಿ ಎರಚಿ ಬಲೀಂದ್ರನನ್ನು ಹೆಸರು ಹಿಡಿದು ಕೂಗುತ್ತಾನೆ. ಸುತ್ತ ನಿಂತವರೆಲ್ಲ ಒಟ್ಟಾಗಿ 'ಕೂ' ಎಂದು ದನಿಗೂಡಿಸುತ್ತಾರೆ. ಅವನು ತಿರುಗಿ ಬಂದು ಆಳುವುದಕ್ಕೆ ಹಾಕಿದ ಷರತ್ತುಗಳನ್ನು ಆ ಕರೆಯಲ್ಲಿ ಎಣಿಸಿ ಹೇಳುತ್ತಾರೆ. ಎಲ್ಲವೂ ಲೋಕದಲ್ಲಿ ಎಂದೂ ಆಗದ ಸಂಗತಿಗಳು. ರಾಜ್ಯ ಸಿಗಲಾರದು, ಆದರೂ ವರ್ಷಕ್ಕೊಮ್ಮೆ ಬಂದು ನೋಡಿ ಹೋಗು ಎಂದು ಅದರ ಸಾರ. ಆಮೇಲೆ ಹಟ್ಟಿಗೆ, ಬಾವಿಗೆ, ಗೊಬ್ಬರದ ಗುಂಡಿಗೆ, ಗದ್ದೆಗೆ ಒಂದೊಂದು ದೀಪ.

ಇನ್ನು ನಾವು ಆ ಸಂಜೆ ಹೇಳಿದ 'ಅವರದು, ನಮ್ಮದು' ಎಂಬ ಮಾತು ಎಷ್ಟು ತಪ್ಪು ನೋಡಿ. ಚಂದ್ರಗಿರಿ ಹೊಳೆಯ ತೆಂಕು ಬದಿಯಲ್ಲಿ, ಹೊಸದುರ್ಗದ ಕಡೆಯ ಮಲಯಾಳ ಮಾತಿನ ಮನೆಗಳಲ್ಲೂ ದೈವಸ್ಥಾನಗಳಲ್ಲೂ ಇದೇ ದೀಪಾವಳಿಯ ದಿನಗಳಲ್ಲಿ 'ಪೊಲಿಯಂದ್ರಂ' ನಡೆಯುತ್ತದೆ. ಅಲ್ಲಿಯೂ ಪಾಲೆಯ ಗೆಲ್ಲು ನೆಡುತ್ತಾರೆ, ಮುಸ್ಸಂಜೆಗೆ ತಿರಿ ಹಚ್ಚುತ್ತಾರೆ, ಹೆಸರು ಹಿಡಿದು ಕೂಗುತ್ತಾರೆ. ಕಡೆಯ ದಿನ ಬರುವ ವರ್ಷವೂ ಬಾ ಎಂದು ಹೇಳಿ ಕಳುಹಿಸುತ್ತಾರೆ. ತುಳುವಿನ 'ಪೊಲಿ' ಎಂದರೆ ಸಮೃದ್ಧಿ. ಆ ಶಬ್ದದ ನೆರಳು ಈ ಹೆಸರಿನ ಮೇಲೂ ಬಿದ್ದಂತಿದೆ. ಓಣಂ ಮಾಡುವ ಅದೇ ಮನೆಯವರು ತುಲಾ ಮಾಸದಲ್ಲಿ ಇವನನ್ನು ಇನ್ನೊಮ್ಮೆ ಕರೆಯುತ್ತಾರೆ. ಇನ್ನೂ ತೆಂಕಣಕ್ಕೆ, ವಡಗರ ಕಣ್ಣೂರುಗಳ ಕಡೆ, ಓಣಂ ಕಾಲದಲ್ಲಿ 'ಓಣಪ್ಪೊಟ್ಟನ್' ಮನೆ ಮನೆಗೆ ಬರುತ್ತಾನೆ. ಅವನು ಮಹಾಬಲಿಯ ವೇಷ. ಬಾಯಿ ಬಿಟ್ಟು ಮಾತಾಡುವುದಿಲ್ಲ. ಕೈಯ ಗಂಟೆ ಬಾರಿಸುತ್ತಾನೆ ಅಷ್ಟೆ.

ಕಾಲಿನ ಕಟ್ಟು ಬಿಚ್ಚುವ ದಿನ

ಈಗ ಸ್ವಲ್ಪ ದೂರ ಹೋಗೋಣ. ಹಳೆಯ ರೋಮಿನವರಿಗೆ 'ಸ್ಯಾಟರ್ನ್' ಎಂಬ ದೇವರಿದ್ದ. ಬಿತ್ತನೆಯ ದೇವರು. ಶನಿಗ್ರಹಕ್ಕೂ ಶನಿವಾರಕ್ಕೂ ಪಶ್ಚಿಮದವರು ಇಟ್ಟದ್ದು ಇವನ ಹೆಸರನ್ನೇ. ಮಗನಾದ ಜುಪಿಟರ್ ಇವನನ್ನು ಪಟ್ಟದಿಂದ ಇಳಿಸಿದ. ಓಡಿಬಂದವನು ಇಟಲಿಯ ಲೇಷಿಯಂ ಸೀಮೆಯಲ್ಲಿ ನೆಲೆಸಿ ಆಳಿದ. ಆಗ ಯಜಮಾನನೆಂಬುವನಿಲ್ಲ, ಆಳೆಂಬುವನಿಲ್ಲ, ನೆಲ ತಾನಾಗಿ ಬೆಳೆ ಕೊಡುತ್ತಿತ್ತು ಎಂದು ಅವರು ಹೇಳಿಕೊಂಡರು. ಅದೇ ಅವರ 'ಚಿನ್ನದ ಯುಗ'.

ಆ ಕಾಲದ ನೆನಪಿಗೆ ಡಿಸೆಂಬರ್ 17ರಿಂದ 'ಸ್ಯಾಟರ್ನೇಲಿಯ' ಎಂಬ ಹಬ್ಬ. ಮೊದಲು ಒಂದೇ ದಿನ. ಬರಬರುತ್ತ ಜನ ಅದನ್ನು ಒಂದು ವಾರಕ್ಕೆ ಎಳೆದರು. ಕೋರ್ಟು ಕಚೇರಿ, ಶಾಲೆಗಳಿಗೆ ರಜೆ. ಆ ದಿನಗಳಲ್ಲಿ ಗುಲಾಮರು ಒಡೆಯರ ಜೊತೆಗೆ ಕುಳಿತು ಉಣ್ಣುತ್ತಿದ್ದರು. ಎಷ್ಟೋ ಮನೆಗಳಲ್ಲಿ ಒಡೆಯನೇ ನಿಂತು ಬಡಿಸುತ್ತಿದ್ದ. ಬಿಡುಗಡೆಯಾದ ಗುಲಾಮ ಹಾಕುವ ಟೊಪ್ಪಿಯನ್ನು ಎಲ್ಲರೂ ಹಾಕಿಕೊಳ್ಳುತ್ತಿದ್ದರು. ಉಡುಗೊರೆಯಾಗಿ ಮೇಣದ ದೀಪ, ಮಣ್ಣಿನ ಚಿಕ್ಕ ಗೊಂಬೆ.

ನಮ್ಮ ಮನಸ್ಸು ಹಿಡಿದದ್ದು ಇನ್ನೊಂದು ಸಂಗತಿ. ರೋಮಿನ ಆ ದೇವಸ್ಥಾನದಲ್ಲಿ ಸ್ಯಾಟರ್ನನ ವಿಗ್ರಹದ ಕಾಲುಗಳಿಗೆ ವರ್ಷವಿಡೀ ಉಣ್ಣೆಯ ಕಟ್ಟು ಹಾಕಿರುತ್ತಿದ್ದರಂತೆ. ಹಬ್ಬದ ದಿನ ಮಾತ್ರ ಬಿಚ್ಚುತ್ತಿದ್ದರು. ದೇವಸ್ಥಾನದ ಎಂಟು ಕಂಬಗಳು ಇಂದಿಗೂ ಅಲ್ಲಿ ನಿಂತಿವೆ.

ಅಲ್ಲಿಯ ಕತೆ ಇಲ್ಲಿಗೆ ಬಂತು, ಇಲ್ಲಿಯದು ಅಲ್ಲಿಗೆ ಹೋಯಿತು ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳುವ ಅಗತ್ಯವೂ ಇಲ್ಲ. ಎಲ್ಲರೂ ಸಮನಾಗಿ ಉಂಡ ಒಂದು ಕಾಲವಿತ್ತು ಎಂಬ ನೆನಪು, ಅಥವಾ ಇರಬೇಕಿತ್ತು ಎಂಬ ಆಸೆ, ಬೆಳೆ ಒಳಗೆ ಬಂದ ಹೊತ್ತಿನಲ್ಲಿ ಮನುಷ್ಯನಿಗೆ ಎಲ್ಲಿದ್ದರೂ ಹುಟ್ಟುತ್ತದೆ. ಆ ಕಾಲದ ಅರಸನನ್ನು ಪೂರ್ತಿ ಮರಳಿ ತರುವ ಶಕ್ತಿ ಅವನಿಗಿಲ್ಲ. ಒಂದು ದಿನಕ್ಕಾದರೂ ಕಟ್ಟು ಬಿಚ್ಚಿ ಕರೆಯುತ್ತಾನೆ.

ಸೌತೆಯ ಕುದುರೆ, ಬದನೆಯ ದನ

ಜಪಾನಿನ 'ಓಬೋನ್' ಹಬ್ಬದಲ್ಲಿ ಬರುವವನು ಅರಸನಲ್ಲ, ಮನೆಯ ಹಿರಿಯರೇ. ಮೂಲ ಬೌದ್ಧರದ್ದು. ಬುದ್ಧನ ಶಿಷ್ಯ ಮೌದ್ಗಲ್ಯಾಯನನು ಸತ್ತುಹೋದ ತನ್ನ ತಾಯಿ ಪ್ರೇತಲೋಕದಲ್ಲಿ ಹಸಿದಿರುವುದನ್ನು ಕಂಡು ಮರುಗಿದನೆಂದೂ, ಏಳನೆಯ ತಿಂಗಳ ಹದಿನೈದನೆಯ ದಿನ ಭಿಕ್ಷುಗಳಿಗೆ ಅನ್ನ ನೀಡಲು ಬುದ್ಧ ಹೇಳಿದನೆಂದೂ ಕತೆ. ಹಬ್ಬದ ಮೊದಲ ಸಂಜೆ ಮನೆ ಬಾಗಿಲಲ್ಲಿ ಚಿಕ್ಕ ಬೆಂಕಿ ಹಚ್ಚಿ ಹಿರಿಯರಿಗೆ ದಾರಿ ತೋರಿಸುತ್ತಾರೆ. ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ, ಬದನೆಕಾಯಿಗೆ ಕಡ್ಡಿ ಚುಚ್ಚಿ ದನ ಮಾಡಿ ಇಡುತ್ತಾರೆ. ಬರುವಾಗ ಕುದುರೆಯೇರಿ ಬೇಗ ಬರಲಿ, ಹೋಗುವಾಗ ದನದ ಮೇಲೆ ನಿಧಾನವಾಗಿ ಹೋಗಲಿ ಎಂದು! ಆಟಿಯಲ್ಲಿ ಹಿರಿಯರಿಗೆ ಎಲೆ ಹಾಕಿ ಬಡಿಸುವ ನಮ್ಮ ಮನೆಗಳ ಹೆಂಗಸರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕಡೆಯ ದಿನ ಪುನಃ ಬೆಂಕಿ ಹಚ್ಚಿ ಕಳುಹಿಸಿಕೊಡುತ್ತಾರೆ. ಕ್ಯೋಟೋ ನಗರದಲ್ಲಿ ಆಗಸ್ಟ್ 16ರ ರಾತ್ರಿ ಸುತ್ತಲಿನ ಐದು ಗುಡ್ಡಗಳ ಮೇಲೆ ದೊಡ್ಡ ದೊಡ್ಡ ಆಕಾರದಲ್ಲಿ ಬೆಂಕಿ ಉರಿಯುತ್ತದೆ.

ನಮ್ಮ ಪುಳ್ಳಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಉಂಟು. 1873ರಲ್ಲಿ ಜಪಾನ್ ಹಳೆಯ ಚಾಂದ್ರ ಪಂಚಾಂಗ ಬಿಟ್ಟು ಇಂಗ್ಲಿಷ್ ಕ್ಯಾಲೆಂಡರ್ ಹಿಡಿಯಿತು. ಆಮೇಲೆ ಟೋಕಿಯೋ ಮೊದಲಾದ ಕಡೆಗಳಲ್ಲಿ ಓಬೋನ್ ಜುಲೈ ನಡುವಿಗೆ, ದೇಶದ ಹೆಚ್ಚಿನ ಭಾಗದಲ್ಲಿ ಆಗಸ್ಟ್ ನಡುವಿಗೆ ನಿಂತಿತು. ಒಂದೇ ದೇಶ, ಒಂದೇ ಹಬ್ಬ, ಎರಡು ತಿಂಗಳು. ಹಾಗೆಂದು ಹಿರಿಯರು ಎರಡು ಪಂಗಡ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಕ್ರಿಸ್ಮಸ್ಸನ್ನು ಕೂಡ ಲೋಕದ ಬಹುಪಾಲು ಡಿಸೆಂಬರ್ 25ಕ್ಕೆ, ರಷ್ಯದ ಚರ್ಚಿನವರು ಜನವರಿ 7ಕ್ಕೆ ಆಚರಿಸುತ್ತಾರೆ. ಹುಟ್ಟಿದ ಕೂಸು ಒಂದೇ.

ಗೊಂಡೆ ಹೂವಿನ ದಾರಿ

ದೀಪಾವಳಿ ಬರುವ ಹೊತ್ತಿಗೇ, ನವೆಂಬರ್ 1 ಮತ್ತು 2ರಂದು, ಮೆಕ್ಸಿಕೋ ದೇಶದಲ್ಲಿ ಸತ್ತವರ ಹಬ್ಬ. ಮೊದಲ ದಿನ ತೀರಿಹೋದ ಮಕ್ಕಳಿಗೆ, ಎರಡನೆಯ ದಿನ ದೊಡ್ಡವರಿಗೆ. ಮನೆಯಲ್ಲಿ ಮೇಜಿನ ಮೇಲೆ ಅವರ ಪಟ ಇಟ್ಟು, ಅವರಿಗೆ ಇಷ್ಟವಾದ ತಿಂಡಿ, ಹಣ್ಣು, ನೀರು, ಉಪ್ಪು, ದೀಪ, ಧೂಪ ಇಡುತ್ತಾರೆ. ಅಂಗಳದಿಂದ ಒಳಗಿನ ತನಕ ಹೂವಿನ ದಾರಿ ಹಾಸುತ್ತಾರೆ. ಬಣ್ಣಕ್ಕೂ ಪರಿಮಳಕ್ಕೂ ಸತ್ತವರಿಗೆ ಮನೆಯ ದಾರಿ ತಿಳಿಯುತ್ತದೆಂದು ನಂಬಿಕೆ. 2008ರಲ್ಲಿ ಯುನೆಸ್ಕೋ ತನ್ನ ಪರಂಪರೆಗಳ ಪಟ್ಟಿಯಲ್ಲಿ ಈ ಹಬ್ಬವನ್ನು ಸೇರಿಸಿತು.

ಆ ಹೂವು ಯಾವುದು ಬಲ್ಲಿರಾ? ನಮ್ಮ ಗೊಂಡೆ ಹೂವೇ! ಅದರ ತವರೇ ಮೆಕ್ಸಿಕೋ. ಯುರೋಪಿನ ಹಡಗುಗಳು ಸಾಗರ ದಾಟಲು ತೊಡಗಿದ ಮೇಲೆ ಅದು ನಮ್ಮ ದೇಶಕ್ಕೆ ಬಂತು. ಇಂದು ಗೊಂಡೆ ಹೂವಿಲ್ಲದೆ ನಮ್ಮ ದೀಪಾವಳಿಯಿಲ್ಲ, ಓಣಂನ ಹೂವಿನ ರಂಗೋಲಿಯೂ ಇಲ್ಲ. ಪರದೇಶದ ಹೂವು ನಮ್ಮ ದೇವರ ತಲೆಯೇರಿ ಕುಳಿತಿರುವಾಗ, ಹೊಳೆಯಾಚೆಯ ಮಹಾಬಲಿಗೂ ಹೊಳೆಯೀಚೆಯ ಬಲೀಂದ್ರನಿಗೂ ನಾವು ಗಡಿ ಹಾಕಿದರೆ ಅದಕ್ಕೆ ಅರ್ಥವುಂಟೇ?

ಐರ್ಲೆಂಡಿನ ಹಳಬರಿಗೂ ಅಕ್ಟೋಬರ್ 31ರ ರಾತ್ರಿ 'ಸಾವಿನ್' ಎಂಬ ಹಬ್ಬವಿತ್ತು. ಕೊಯ್ಲು ಮುಗಿದು ಚಳಿ ಹಿಡಿಯುವ ಸಂಧಿಕಾಲ; ಆ ರಾತ್ರಿ ಆಚೆಯ ಲೋಕದ ಬಾಗಿಲು ತೆರೆದಿರುತ್ತದೆಂದು ಅವರ ಎಣಿಕೆ. ಅಲ್ಲಿ ಗಡ್ಡೆಗಳನ್ನು ಕೊರೆದು ಒಳಗೆ ದೀಪ ಇಡುತ್ತಿದ್ದರು. ಊರು ಬಿಟ್ಟು ಅಮೆರಿಕಕ್ಕೆ ಹೋದವರು ಅಲ್ಲಿ ಸಿಕ್ಕಿದ ಕುಂಬಳಕಾಯಿಯನ್ನೇ ಕೊರೆದರು. ಮರುದಿನಗಳು ಕ್ರೈಸ್ತರಿಗೆ ಸಂತರ ದಿನ, ಮೃತರ ದಿನ. ನವೆಂಬರ್ 2ರಂದು ನಮ್ಮ ಕರಾವಳಿಯ ಇಗರ್ಜಿಗಳಲ್ಲೂ ಸಮಾಧಿಗಳಿಗೆ ಹೂವು ಮೇಣದಬತ್ತಿ ಇಡುವುದನ್ನು ನಾವು ಕಾಣುತ್ತೇವೆ.

ಕರೆಯುವವರು ಯಾರು?

ಇಷ್ಟೆಲ್ಲ ನೋಡಿದ ಮೇಲೆ ಒಂದು ಮಾತು ಮನಸ್ಸಿಗೆ ಬಂತು. ಗಡ್ಡೆ ಸಿಗದಿದ್ದರೆ ಕುಂಬಳಕಾಯಿ ಹಿಡಿದ ಆ ಜನರನ್ನು ನೋಡಿ. ಊರು ಬದಲಾದರೂ ದೀಪ ಆರಲಿಲ್ಲ. ನಮ್ಮಲ್ಲಿ ಊರು ಅಲ್ಲಿಯೇ ಇದೆ, ದೀಪದ ಬಗ್ಗೆ ಮಾತ್ರ ಅಂಜಿಕೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ವರ್ಷ ದೀಪಾವಳಿ ಬಂದದ್ದೂ ಅದೇ ವಾರದಲ್ಲಿ. ರಾಜ್ಯ ಬದಲಾಯಿತೆಂದು ಬಲೀಂದ್ರನಿಗೆ ದಾರಿ ತಪ್ಪಲಿಲ್ಲ. ಗದ್ದೆಯ ಕಟ್ಟಪುಣಿಯಲ್ಲಿ ದೀಪ ಇದ್ದಾಗ, ಕರೆಯುವ ದನಿ ಇದ್ದಾಗ, ರಾಜ್ಯ ಯಾವುದಾದರೇನು? ಈಗ ಆ ಗದ್ದೆ ಅಡಿಕೆ ತೋಟವಾಗಿದೆ, ರಬ್ಬರ್ ಆಗಿದೆ, ಮನೆ ಕಟ್ಟುವ ಜಾಗವಾಗಿದೆ. ಓಣಂಗೆ ಶಾಲೆಗಳಿಗೆ ಹತ್ತು ದಿನಗಳಷ್ಟು ರಜೆ. ದೀಪಾವಳಿಗೆ ಸಾಮಾನ್ಯವಾಗಿ ಒಂದೇ ದಿನ. ಪಾಡ್ಯದಂದು ಮಕ್ಕಳು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಬೇಕು. ಕೂಗಿನ ಪೂರ್ತಿ ಮಾತು ಬಲ್ಲ ಹಿರಿಯರು ಪ್ರತಿವರ್ಷ ಕಡಿಮೆಯಾಗುತ್ತಿದ್ದಾರೆ. ಮೊದಲು ಒಂದು ಮನೆಯಲ್ಲಿ ಕೂಗಿದರೆ ಬಯಲಿನ ಆಚೆಯ ಮನೆಯಿಂದ, ಅದರಾಚೆಯ ಮನೆಯಿಂದ, ಓಗೊಟ್ಟಂತೆ ಕೂಗು ಕೇಳುತ್ತಿತ್ತು.

ಕಳೆದ ವರ್ಷ ಆ ರಾತ್ರಿ ನಾವು ಕೂಗಿದೆವು. ಬಯಲಿನಿಂದ ಯಾವ ಮನೆಯ ಕೂಗೂ ಬರಲಿಲ್ಲ. "ಅಜ್ಜ, ಯಾರೂ ಕೂ ಹಾಕಲಿಲ್ಲ" ಎಂದ ಹುಡುಗ. ನಮಗೆ ಗಂಟಲು ಕಟ್ಟಿದಂತಾಯಿತು. "ನೀನು ಹಾಕು" ಎಂದೆವು. ಅವನು ನಾಚಿದ. ಆಮೇಲೆ ಎರಡು ಕೈ ಬಾಯಿಗೆ ಹಿಡಿದು ಎಷ್ಟು ಗಟ್ಟಿಯಾಗಿ ಕೂಗಿದನೆಂದರೆ ಹಟ್ಟಿಯ ದನ ಎದ್ದು ನಿಂತಿತು.

ಬೇಲಿಯಾಚೆಯ ಮನೆಯ ಜಗಲಿಯಲ್ಲಿ ಲೈಟು ಹತ್ತಿತು. ಆ ಮನೆಯ ಅಮ್ಮ ಮಲಯಾಳ ಮಾತಿನವರು. ತವರು ನೀಲೇಶ್ವರದ ಕಡೆ. ಬೇಲಿಯ ಹತ್ತಿರ ಬಂದು ನಿಂತು ನಮ್ಮ ಕಂಬವನ್ನೇ ನೋಡಿದರು. "ನಮ್ಮ ಮನೆಯಲ್ಲಿ ಅಚ್ಚ ಹೀಗೆಯೇ ಕರೆಯುತ್ತಿದ್ದರು. ಇಲ್ಲಿಗೆ ಬಂದ ಮೇಲೆ ನಾನು ಕರೆದೇ ಇಲ್ಲ" ಎಂದರು ಅವರ ಭಾಷೆಯಲ್ಲಿ. "ಈಗ ಕರೆಯಿರಿ ಅಮ್ಮಾ" ಎಂದೆವು. ಅವರು ಸ್ವಲ್ಪ ತಡೆದು, ಸೆರಗು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ ಪೊಲಿಯಂದ್ರನ ಹೆಸರು ಹೇಳಿ ಕರೆದರು. ಹುಡುಗ ಅವರಿಗೂ ಒಂದು ಕೂ ಹಾಕಿದ.

ಮರುದಿನ ಅವಲಕ್ಕಿ ಬೇಲಿ ದಾಟಿ ಹೋಯಿತು. ಸಂಜೆ ಪಾಯಸದ ಪಾತ್ರೆ ಬೇಲಿ ದಾಟಿ ಬಂತು.

ಓದುಗರಲ್ಲಿ ನಮ್ಮ ಅರಿಕೆ ದೊಡ್ಡದೇನಲ್ಲ. ಗದ್ದೆಯಿಲ್ಲದಿದ್ದರೆ ಹೂವಿನ ಚಟ್ಟಿಯ ಬುಡದಲ್ಲಿ ದೀಪ ಇಡಿ. ಹಾಲೆಯ ಗೆಲ್ಲು ಸಿಗದಿದ್ದರೆ ಇದ್ದ ಮರದ ಗೆಲ್ಲು ಸಾಕು. ನಿಮ್ಮ ಮನೆಯ ಕೂಗಿನ ಮಾತುಗಳನ್ನು ಅಜ್ಜ ಅಜ್ಜಿಯಂದಿರಿಂದ ಕೇಳಿ, ಮಕ್ಕಳ ಕೈಯಲ್ಲೇ ನೋಟುಪುಸ್ತಕದಲ್ಲಿ ಬರೆಸಿಡಿ. ತುಳುವಾಗಲಿ, ಹವ್ಯಕರ ಮಾತಾಗಲಿ, ಮಲಯಾಳವಾಗಲಿ, ಇದ್ದದ್ದು ಇದ್ದ ಹಾಗೆ ಬರೆಯಲಿ. ಶಾಲೆಯಲ್ಲಿ ಓಣಂ ಹೂವು ಹಾಕಿದ ಮಗು ಮನೆಯಲ್ಲಿ ಬಲೀಂದ್ರನನ್ನು ಕರೆಯಲಿ. ಅದಕ್ಕೆ ನಷ್ಟವಿಲ್ಲ, ಉಳಿದ ಮಕ್ಕಳಿಗಿಂತ ಒಂದು ಹಬ್ಬ ಹೆಚ್ಚೇ ಸಿಕ್ಕಿತು.

ಪುಳ್ಳಿಗೆ ಉತ್ತರ ಬಾಕಿ ಇದೆ ಎಂದೆವಲ್ಲ? ಈ ಸಲ ಹಾಲೆ ಗೆಲ್ಲು ತರಲು ಅವನೂ ನಮ್ಮ ಜೊತೆ ಗುಡ್ಡೆಗೆ ಬರುತ್ತಾನಂತೆ. ದಾರಿಯಲ್ಲಿ ಹೇಳುತ್ತೇವೆ: ಮಗಾ, ಬಲಿ ಒಬ್ಬನೇ. ಕರೆದಲ್ಲಿಗೆ, ಕರೆದಾಗ ಬರುತ್ತಾನೆ. ಬರುವುದು ಅವನಿಗೆ ಬಿಟ್ಟದ್ದು, ಕರೆಯುವುದು ನಮಗೆ ಬಿಟ್ಟದ್ದು.